ದನಿಯಿಲ್ಲದವರ ಅರ್ಜಿ

ಫೆಬ್ರವರಿ 3

ಚೂಟಿ,

ನಾನು ಚೆನ್ನಾಗಿದ್ದೀನಿ. ಮೊಣಕಾಲು ಬಿಟ್ರೆ ಮಿಕ್ಕಿದ್ದೆಲ್ಲ ನೆಟ್ಟಗಿದೆ. ನೇರ ವಿಷಯಕ್ಕೆ ಬರ್ತೀನಿ. ಊರೆಲ್ಲ ಸುತ್ತಿ ಬರೋದು ನಿಮ್ಮಪ್ಪನ ಚಾಳಿ, ನನ್ನದಲ್ಲ.

ಹೋದ ತಿಂಗಳು ನಮ್ಮ ವಠಾರದ ಹಳೇ ನೀರಿನ ಪೈಪೆಲ್ಲ ಕಿತ್ತು ಪ್ಲಾಸ್ಟಿಕ್ ಹಾಕಿದ್ರು. ಕಿತ್ತ ಕಬ್ಬಿಣವನ್ನ ಅಂಗಳದಲ್ಲೇ ರಾಶಿ ಹಾಕಿ "ಬೇಕಾದ್ರೆ ಇಟ್ಕೊಳ್ಳಿ" ಅಂತ ಹೊರಟುಹೋದ್ರು. ಮೂವತ್ತೊಂದು ವರ್ಷ ನೀರು ಸರಬರಾಜಿನಲ್ಲಿ ಪೈಪ್ ಫಿಟ್ಟರ್ ಆಗಿದ್ದವಳ ಕಣ್ಣೆದುರು ಅಷ್ಟು ಪೈಪು ಬಿದ್ದಿದ್ರೆ ಕೈ ಸುಮ್ನಿರುತ್ತಾ?

ಯೋಚನೆ ಇದು. ನಾಲ್ಕು ಕಟ್ಟಡದ ನಡುವೆ ಅಂಗಳ ಇದೆಯಲ್ಲ, ಅದರ ನೆಲದಡಿ ಎಂಟು ಸಾಲು ಪೈಪು ಹೂಳೋದು. ಎರಡೂ ತುದಿ ನೆಲದಿಂದ ಮೇಲೆದ್ದು ಬರಬೇಕು, ಬಾಯಿಗೆ ಲಾಳಿಕೆ. ಕೆಲವು ಮಕ್ಕಳ ಎತ್ತರಕ್ಕೆ, ಕೆಲವು ಕುರ್ಚಿ ಮೇಲೆ ಕೂತೋರ ಎತ್ತರಕ್ಕೆ. ಇಲ್ಲಿ ಮಾತಾಡಿದ್ರೆ ಅಲ್ಲಿ ಕೇಳುತ್ತೆ. ನಡುವೆ ಒಂದು ಕಡೆ ಎಲ್ಲ ಸಾಲೂ ಸೇರಿ ವಾಲ್ವ್ ಇರುತ್ತೆ. ಯಾರು ಬೇಕಾದ್ರೂ ತಿರುಗಿಸಿ ಯಾವ ಬಾಯಿಗೆ ಯಾವ ಕಿವಿ ಅಂತ ಬದಲಾಯಿಸಬಹುದು. ಮೂರನೇ ಮಹಡಿಯ ಟೈಲರಕ್ಕ "ಇದು ಕೊಳಾಯಿ ಕೆಲಸಾನೋ ಕಲೆಯೋ?" ಅಂದಳು. ನನಗೇನು ಗೊತ್ತು? ಆದರೆ ಕಲೆ ಅಂದ್ರೆ ಹಣ ಕೊಡೋರು ಇದ್ದಾರಂತೆ.

ಕಲಾ ನಿಧಿ ಅನ್ನೋ ಸಂಸ್ಥೆಯ ಫಾರಂ ಇದರ ಜೊತೆ ಇಟ್ಟಿದ್ದೀನಿ. ಜನ ಸೇರಿ ಮಾಡೋ, ಜನ ಮುಟ್ಟಿ ಆಡೋ ಕಲೆಗೆ ಅನುದಾನ ಅಂತೆ. ಒಂದು ಕಡೆ "ಅಳೆಯಬಹುದಾದ ಪರಿಣಾಮ" ಅಂತ ಇದೆ. ಅಳೆಯೋಕೆ ನನ್ನ ಹತ್ರ ಟೇಪಿದೆ, ಏನನ್ನ ಅಂತ ಅವರು ಹೇಳಿಲ್ಲ. ಇಂಥ ಫಾರಂ ತುಂಬೋದೇ ನಿನ್ನ ಕೆಲಸವಲ್ಲವಾ? ತುಂಬಿಕೊಡು.

ಫೋನ್ ಮಾಡಬೇಡ. ಫೋನಿನ ಮಾತು ಗಾಳಿಗೆ ಹೋಗುತ್ತೆ. ಮೆಸೇಜಂತೂ ಬೇಡವೇ ಬೇಡ, ನನ್ನ ಬೆರಳಲ್ಲಿ ಒಂದಕ್ಷರ ಒತ್ತಿದ್ರೆ ಮೂರು ಬೀಳುತ್ತೆ.

ನಿನ್ನ ಅತ್ತೆ


ಫೆಬ್ರವರಿ 14

ಪ್ರೀತಿಯ ಅತ್ತೆ,

ಕಾಗದ ನೋಡಿ ನಕ್ಕು ನಕ್ಕು ಸಾಕಾಯ್ತು. ಪಕ್ಕದ ಮೇಜಿನವರು ಎದ್ದು ಬಂದು ಏನಾಯ್ತು ಅಂತ ಕೇಳಿದ್ರು. ನಿನ್ನ ಪೈಪಿನ ಕಥೆ ಹೇಳಿದೆ. ಅವರಿಗೂ ಒಂದು ಪೈಪಿನ ಬಾಯಿ ಬೇಕಂತೆ.

ಖಂಡಿತ ತುಂಬಿಕೊಡ್ತೀನಿ. ಫಾರಂ ತುಂಬೋದೂ ಒಂದು ಕಸುಬು ಅತ್ತೆ. ನೀನು ಪೈಪಿಗೆ ಪೈಪು ಕೂರೋ ಹಾಗೆ ಥ್ರೆಡ್ ಹಾಕ್ತೀಯ, ನಾನು ವಾಕ್ಯಕ್ಕೆ ಹಾಕ್ತೀನಿ. ಏಳು ವರ್ಷದಿಂದ ಇದೇ ಮಾಡ್ತಿದ್ದೀನಿ, ಕೈ ಪಳಗಿದೆ. ಕೆಳಗಿನ ಪ್ರಶ್ನೆಗೆ ಉತ್ತರ ಬರೆದು ಕಳಿಸು: ಎಷ್ಟು ಜನರಿಗೆ ಉಪಯೋಗ? ಅವರ ಸ್ಥಿತಿಗತಿ ಹೇಗಿದೆ? ಅವರ ಮುಖ್ಯ ಕೊರತೆ ಏನು? ಈ ಕಲೆಯಿಂದ ಆ ಕೊರತೆ ಹೇಗೆ ನೀಗುತ್ತೆ? ಮುಂದಾಳಾಗಿ ನಿನ್ನ ಅರ್ಹತೆ ಏನು?

ನಮ್ಮ ಆಫೀಸಿನ ಪರವಾಗಿ ಸಂಯೋಜಕಿ ಅಂತ ನನ್ನ ಹೆಸರು ಹಾಕ್ತೀನಿ, ಬೇಜಾರಿಲ್ಲ ತಾನೆ? ಇಲ್ಲಿ ಆಫೀಸಲ್ಲಿ ಎಲ್ಲ ಚೆನ್ನಾಗಿ ನಡೀತಿದೆ.

ಭಾನುವಾರ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ ನೀನು. ಬೇಡ ಅಂದ್ರೂ ಮಾಡಿದ್ದು ನನ್ನ ತಪ್ಪೇ ಬಿಡು.

ನಿನ್ನ ಚೂಟಿ


ಫೆಬ್ರವರಿ 26

ಚೂಟಿ,

ಉತ್ತರಗಳು.

ಎಷ್ಟು ಜನ: ನಾಲ್ಕು ಕಟ್ಟಡ, ಅರವತ್ತೆಂಟು ಮನೆ. ಬೆಕ್ಕುಗಳನ್ನ ಬಿಟ್ಟು.

ಸ್ಥಿತಿಗತಿ: ಇಲ್ಲಿಯವರು ದುಡೀತಿದ್ದ ಬಣ್ಣದ ಕಾರ್ಖಾನೆ ಮುಚ್ಚಿದ ಮೇಲೆ ಯಾರೂ ಮನೇಲಿ ಕೈಕಟ್ಟಿ ಕೂತಿಲ್ಲ. ಟೈಲರಕ್ಕ ಇಡೀ ಆಸ್ಪತ್ರೆಗೆ ಪರದೆ ಹೊಲೀತಾಳೆ. ಕೆಳಮನೆ ಪೋಸ್ಟಣ್ಣ ನಿವೃತ್ತನಾದ ಮೇಲೂ ದಿನಾ ಎಲ್ಲರ ಮನೆ ಬಾಗಿಲು ತಟ್ಟಿ ಸುದ್ದಿ ಹಂಚ್ತಾನೆ, ಈಗ ಕಾಗದವಿಲ್ಲದೆ.

ಮುಖ್ಯ ಕೊರತೆ: ಎರಡನೇ ಕಟ್ಟಡದ ಲಿಫ್ಟ್. ಅದಕ್ಕೂ ಪೈಪಿಗೂ ಸಂಬಂಧ ಇಲ್ಲ.

ಕಲೆಯಿಂದ ಏನು ನೀಗುತ್ತೆ: ಏನೂ ಇಲ್ಲ. ಚೆನ್ನಾಗಿರುತ್ತೆ, ಅಷ್ಟೇ. ಎಲ್ಲದಕ್ಕೂ ಕಾಯಿಲೆ ಇದ್ರೇ ಔಷಧಿ ಅನ್ನೋ ಹಾಗೆ ಕೇಳ್ತಾರಲ್ಲ!

ನನ್ನ ಅರ್ಹತೆ: ಈ ಪೇಟೆಯ ನೆಲದಡಿ ಎಲ್ಲಿ ಯಾವ ಪೈಪಿದೆ ಅಂತ ನಕ್ಷೆ ಇಲ್ಲದೆ ಹೇಳ್ತೀನಿ.

ಕೊನೇ ಪುಟಕ್ಕೆ ಸಹಿ ಹಾಕಿದ್ದೀನಿ. ಮೇಲಿನದ್ದೆಲ್ಲ ಖಾಲಿ ಇದೆ, ನೀನೇ ತುಂಬು. ಬೇರೆ ಯಾರಾದ್ರೂ ಆಗಿದ್ರೆ ಖಾಲಿ ಹಾಳೆಗೆ ಸಹಿ ಹಾಕ್ತಿರಲಿಲ್ಲ. ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಪಂಪ್‌ಹೌಸಿಗೆ ಹೋಗ್ತಿದ್ದವಳು ನಾನು.

ಅತ್ತೆ


ಮಾರ್ಚ್ 19

ಪ್ರೀತಿಯ ಅತ್ತೆ,

ಅರ್ಜಿ ಕಳಿಸಿಬಿಟ್ಟೆ. ಕೊನೇ ದಿನ, ಕೊನೇ ಗಳಿಗೆ. ಅವಸರದಲ್ಲಿ ನಿನಗೊಂದು ಪ್ರತಿ ತೆಗೆಯೋಕಾಗಲಿಲ್ಲ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ. ಓದೋರಿಗೆ ಒಗ್ಗೋ ಹಾಗೆ, ಅಷ್ಟೇ.

ಮೊಣಕಾಲು ನೋಡ್ಕೋ. ಫೋನ್ ಎತ್ತು, ಒಂದು ಸಲವಾದ್ರೂ.

ಚೂಟಿ


ಜೂನ್ 2

ಚೂಟಿ!

ಬಂತು! ಒಪ್ಪಿದ್ದಾರೆ! ಪೋಸ್ಟಣ್ಣ ಹೊಸ ಪೋಸ್ಟ್‌ಮ್ಯಾನ್ ಹತ್ರ ಲಕೋಟೆ ಇಸ್ಕೊಂಡು ತಾನೇ ತಂದು ಕೈಗೆ ಕೊಟ್ಟು, ಒಡೆಯೋವರೆಗೂ ಕದಲಲಿಲ್ಲ. ಹಳೇ ಅಭ್ಯಾಸ. ಅವನೇ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಸಾರಿದ.

ಹಣ ಕೈಗೆ ಬರೋಕೆ ಮೊದಲು ನಿಧಿಯ ಅಧಿಕಾರಿ ಬಂದು ಜಾಗ ನೋಡ್ತಾರಂತೆ. ಅಲ್ಲೀತನಕ ಕಾಯೋರು ಯಾರು? ಹೋದ ಶನಿವಾರ ನೆಲಕ್ಕೆ ಸುಣ್ಣದ ಗೆರೆ ಎಳೆದೆ. ಸಾಯಂಕಾಲಕ್ಕೆ ನೋಡಿದ್ರೆ ಹದಿನೈದು ಜನ ಗುದ್ದಲಿ ಹಿಡಿದು ನಿಂತಿದ್ರು, ಗುದ್ದಲಿ ಇಲ್ಲದೋರು ಸೌಟು ಹಿಡಿದು. ಎರಡು ಸಾಲಿನ ಕಾಲುವೆ ಆಗಿದೆ. ಎಲ್ಲರಿಗೂ ಸೊಂಟ ನೋವು, ಎಲ್ಲರೂ ನನ್ನನ್ನೇ ಬೈತಿದ್ದಾರೆ. ಬಹಳ ದಿನದಿಂದ ಇಷ್ಟು ಖುಷಿಯಾಗಿರಲಿಲ್ಲ ಕಣೇ.

ಅರ್ಜಿಯ ಪ್ರತಿ ಕಳಿಸು. ಅಧಿಕಾರಿ ಏನಾದ್ರೂ ಕೇಳಿದ್ರೆ ನಾನೇನು ಬರೆದಿದ್ದೀನಿ ಅಂತ ನನಗೇ ಗೊತ್ತಿರಬೇಕಲ್ಲ.

ಅತ್ತೆ


ಜೂನ್ 9

ಅತ್ತೆ,

ಕೂಗಿಬಿಟ್ಟೆ ನಾನು, ಆಫೀಸಲ್ಲೇ! ನಮ್ಮ ಮುಖ್ಯಸ್ಥರೂ ಬಂದು ಕೈಕುಲುಕಿದ್ರು.

ಅಧಿಕಾರಿ ಬಂದಾಗ ಒಂದೆರಡು ವಿಷಯ ನೆನಪಿಡು. ನೀನು ಹೆಚ್ಚು ಮಾತಾಡಬೇಡ. ತಮಾಷೆ ಮಾಡಬೇಡ. ವಠಾರದೋರು "ಮೊದಲು ನಮ್ಮಲ್ಲಿ ಮಾತುಕತೆ ಅಷ್ಟಾಗಿ ಇರಲಿಲ್ಲ" ಅಂತ ಹೇಳಿದ್ರೆ ಒಳ್ಳೇದು. ಟೈಲರಕ್ಕನ ಬಾಯಿ ಜೋರು, ಅವಳನ್ನ ಆ ದಿನ ಹೊರಗೆಲ್ಲಾದ್ರೂ ಕಳಿಸೋಕಾಗುತ್ತಾ? ತೋಡಿದ ಕಾಲುವೆ ಕಾಣದ ಹಾಗೆ ಏನಾದ್ರೂ ಮುಚ್ಚು. ಹಣ ಇಲ್ಲದೆನೇ ಕೆಲಸ ನಡೀತಿದೆ ಅಂತ ಅವರಿಗೆ ಅನ್ನಿಸಬಾರದು.

ಪ್ರತಿ ಇಲ್ಲಿ ಹುಡುಕ್ತಿದ್ದೀನಿ. ಸಿಕ್ಕಿದ ತಕ್ಷಣ ಕಳಿಸ್ತೀನಿ.

ಚೂಟಿ


ಜೂನ್ 24

ಚೂಟಿಗೆ,

ಪ್ರತಿ ಹುಡುಕಬೇಡ. ನನಗೆ ಸಿಕ್ಕಿತು.

ಅಧಿಕಾರಿ ಮೊನ್ನೆ ಬಂದಿದ್ರು. ನಿನ್ನ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳೇ. ಅಂಗಳದಲ್ಲಿ ಕುರ್ಚಿ ಹಾಕಿಸಿದ್ವಿ, ಐವತ್ತು ಜನ ಸೇರಿದ್ರು. ಟೈಲರಕ್ಕ ಮುಂದಿನ ಸಾಲಲ್ಲೇ ಕೂತಿದ್ಲು. ಅವಳನ್ನ ಎಲ್ಲಿಗೂ ಕಳಿಸಲಿಲ್ಲ ನಾನು. ಅಧಿಕಾರಿ ನನ್ನ ಕೈಗೊಂದು ಪ್ರತಿ ಕೊಟ್ಟು, "ಇದು ನಿಮ್ಮ ಮಾತು, ಎಲ್ಲರೂ ಕೇಳಲಿ" ಅಂತ ಮೊದಲ ಪುಟದಿಂದ ಗಟ್ಟಿಯಾಗಿ ಓದೋಕೆ ಶುರು ಮಾಡಿದ್ರು. ಅವರು ಓದ್ತಾ ಇದ್ದ ಹಾಗೆ ನಾನೂ ಕಣ್ಣಾಡಿಸ್ತಾ ಹೋದೆ.

"ಕಾರ್ಖಾನೆ ಮುಚ್ಚಿದ ನಂತರ ದನಿ ಕಳೆದುಕೊಂಡ ಜನ." "ಪರಸ್ಪರ ಮಾತೇ ಇಲ್ಲದ, ಕಲೆ ಎಂದರೇನೆಂದು ಅರಿಯದ ನಿವಾಸಿಗಳು." "ಯೋಜನೆಯ ಮುಂದಾಳು ಅನಕ್ಷರಸ್ಥೆಯಾದ ವೃದ್ಧೆ."

ಅನಕ್ಷರಸ್ಥೆ! ನಿನಗೆ ಅ ಆ ಇ ಈ ತಿದ್ದಿಸಿದ್ದು ಯಾರು?

ತಲೆ ಎತ್ತಿ ನೋಡಿದೆ. ಪೋಸ್ಟಣ್ಣ ನೆಲ ನೋಡ್ತಿದ್ದ. ಟೈಲರಕ್ಕ ಎದ್ದು ನಿಂತು ನನ್ನ ಕಡೆ ಕೈ ಮಾಡಿ ಏನೋ ಕೇಳಿದ್ಲು. ನಾನು ಉತ್ತರ ಕೊಡಲಿಲ್ಲ. ಅವಳು ಕುರ್ಚಿ ಮಡಚಿಕೊಂಡು ಮೇಲೆ ಹೋದ್ಲು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಅಧಿಕಾರಿ ನನ್ನ ಎದುರಿಗೆ ಬಂದು ನಿಂತು, "ಇದು ಬರೀ ಫಾರಂ ಭಾಷೆ ಅಮ್ಮ, ಮನಸ್ಸಿಗೆ ಹಚ್ಕೋಬೇಡಿ" ಅಂದ್ರು. ಅಂಗಳದಲ್ಲಿ ಒಂದು ಫಲಕ ಹಾಕಬೇಕಂತೆ. ನಿಧಿಯ ಹೆಸರು, ಕೆಳಗೆ ದೊಡ್ಡಕ್ಷರದಲ್ಲಿ "ದನಿಯಿಲ್ಲದವರಿಗೆ ದನಿ".

"ಆ ಫಲಕ ಇಲ್ಲಿ ನಿಲ್ಲಲ್ಲ" ಅಂದೆ.

"ಅದು ನಿಯಮ."

"ಹಾಗಾದ್ರೆ ಅರ್ಜಿ ತಿದ್ದಬೇಕು. ತಪ್ಪು ಬರೆದಿದೆ."

"ತಿದ್ದಿದ್ರೆ ಮತ್ತೆ ಸಮಿತಿ ಮುಂದೆ ಹೋಗುತ್ತೆ. ಮಂಜೂರಾದದ್ದು ಕೈತಪ್ಪಬಹುದು."

"ಕೈತಪ್ಪಲಿ. ಇಲ್ಲಿ ಸಹಿ ನನ್ನದು."

ನೀನು ಬರೆದೆ ಅಂತ ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ.

ಅತ್ತೆ


ಜುಲೈ 1

ಅತ್ತೆ,

ಬೈದಿದ್ದೀಯ, ಬೈಸಿಕೊಂಡೆ. ಈಗ ನನ್ನದೂ ಕೇಳು.

ನೀನು ಕೊಟ್ಟ ಉತ್ತರ ಹಾಗೇ ಬರೆದಿದ್ರೆ ಅರ್ಜಿ ಮೊದಲ ದಿನವೇ ಕಸದ ಬುಟ್ಟಿಗೆ ಹೋಗ್ತಿತ್ತು. "ಚೆನ್ನಾಗಿರುತ್ತೆ, ಅಷ್ಟೇ" ಅಂದ್ರೆ ಯಾರು ಹಣ ಕೊಡ್ತಾರೆ? ನೆಟ್ಟಗೆ ನಿಂತೋರಿಗೆ ಯಾರೂ ಕೈ ಚಾಚಲ್ಲ ಅತ್ತೆ. ಮೊದಲು ಬಿದ್ದ ಹಾಗೆ ತೋರಿಸ್ಬೇಕು. ಈ ವ್ಯವಸ್ಥೆ ನಾನು ಕಟ್ಟಿದ್ದಲ್ಲ. ಅದರ ಬಾಗಿಲು ಎಷ್ಟು ಗಿಡ್ಡ ಅಂತ ಗೊತ್ತಿದ್ದಕ್ಕೆ ನಿನ್ನ ಪರವಾಗಿ ನಾನು ಬಗ್ಗಿದೆ.

ಇನ್ನೊಂದು ವಿಷಯ. ಇಲ್ಲಿ ಎಲ್ಲ ಚೆನ್ನಾಗಿ ನಡೀತಿದೆ ಅಂದಿದ್ದು ಸುಳ್ಳು. ವರ್ಷದಲ್ಲಿ ನನ್ನ ಮೂರು ಅರ್ಜಿ ತಿರಸ್ಕಾರ ಆಗಿವೆ. ಇನ್ನೊಂದು ಹೀಗಾದ್ರೆ ಬೇರೆ ಕಡೆ ನೋಡ್ಕೋ ಅಂದಿದ್ರು. ನಿನ್ನದೊಂದು ಗೆದ್ದಿದ್ದಕ್ಕೆ ಈ ಕುರ್ಚಿ ಉಳಿದಿದೆ. ಅಧಿಕಾರಿಗೆ ಫೋನ್ ಮಾಡಿ ಒಪ್ಪಿಗೆ ಹೇಳು. ಫಲಕಕ್ಕೆ ಯಾರು ತಲೆ ಕೆಡಿಸ್ಕೊಳ್ತಾರೆ? ಆರು ತಿಂಗಳಿಗೆ ಬಿಸಿಲಿಗೆ ಅಕ್ಷರ ಅಳಿಸಿಹೋಗುತ್ತೆ.

ಟೈಲರಕ್ಕನಿಗೆ ಉತ್ತರ ಕೊಡದೆ ನಿಂತೆ ಅಂದೆಯಲ್ಲ, ನನ್ನಿಂದ ನಿನಗಾದ ಆ ಅವಮಾನ ಅರ್ಥ ಆಗುತ್ತೆ. ಆದರೆ ನನ್ನ ಜೊತೆಗಾದ್ರೂ ಮಾತಾಡು. ಈ ವಾರ ಒಂಬತ್ತು ಸಲ ಫೋನ್ ಮಾಡಿದೆ. ಒಂದು ಸಲ ನೀನು ಎತ್ತಿದೆ, ನಾನು "ಅತ್ತೆ, ಅತ್ತೆ" ಅಂತಿದ್ರೂ ಮಾತಿಲ್ಲದೆ ಇಟ್ಟುಬಿಟ್ಟೆ. ಅಷ್ಟೊಂದು ದ್ವೇಷವಾ?

ಚೂಟಿ


ಆಗಸ್ಟ್ 17

ಚೂಟಿ,

ಒಂದೂವರೆ ತಿಂಗಳು ನಿನ್ನನ್ನ ಕಾಯಿಸಿದೆ. ನಿನ್ನ ಮೇಲಿನ ಸಿಟ್ಟಿನಿಂದ ಹದಿನೈದು ದಿನ. ಮಿಕ್ಕಿದ್ದು ನನ್ನ ಹೇಡಿತನ.

ದ್ವೇಷ ಅಲ್ಲ ಕಣೇ. ಆ ದಿನ ಫೋನ್ ಎತ್ತಿ ಕಿವಿಗಿಟ್ಟೆ. ಏನೂ ಕೇಳಿಸಲಿಲ್ಲ. ನೀನು ಮಾತಾಡ್ತಿದ್ದೀಯೋ, ಅಳ್ತಿದ್ದೀಯೋ, ಗೊತ್ತಾಗಲಿಲ್ಲ. ಇಟ್ಟೆ.

ಮೂರು ವರ್ಷದಿಂದ ಹೀಗಿದೆ. ಪಂಪ್‌ಹೌಸಿನ ಸದ್ದು ಕಿವಿಯನ್ನ ಸ್ವಲ್ಪ ಸ್ವಲ್ಪವೇ ತಿಂದುಹಾಕಿದೆ. ಎದುರಿಗೆ ಒಬ್ಬರು ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೋತೀನಿ. ಗುಂಪಲ್ಲಿ ಆಗಲ್ಲ. ಯಾರಿಗೂ ಹೇಳಿರಲಿಲ್ಲ, ನಿನಗೂ. ನೆಲದಡಿ ಎಲ್ಲಿ ನೀರು ಸೋರ್ತಿದೆ ಅಂತ ಹುಡುಕೋದು ಹೇಗೆ ಗೊತ್ತಾ? ಕಬ್ಬಿಣದ ಸರಳು ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಇಡ್ತೀವಿ. ಕಿವುಡಿ ಅಂತ ಗೊತ್ತಾದ್ರೆ ಈಗ ಸೋರಿಕೆ ಹುಡುಕೋಕೆ ಮನೆಗೆ ಬಂದು ಕರೆಯೋರೂ ಕರೆಯಲ್ಲ ಅನ್ನೋ ಭಯ.

ಟೈಲರಕ್ಕ ಏನು ಕೇಳಿದ್ಲು ಅಂತ ನನಗೆ ಕೇಳಿಸಿರಲೇ ಇಲ್ಲ. ಅವಳಿಗೆ ನಾನು ಮುಖ ತಿರುಗಿಸಿದ ಹಾಗಾಯ್ತು. ತಿಂಗಳಾದ್ಮೇಲೆ ಅವಳ ಮನೆಗೆ ಹೋಗಿ, ಹೊಲಿಗೆ ಮೆಷಿನ್ ಎದುರು ಸ್ಟೂಲ್ ಎಳ್ಕೊಂಡು ಕೂತು, ಎಲ್ಲ ಹೇಳಿದೆ. ಖಾಲಿ ಹಾಳೆಗೆ ಸಹಿ ಹಾಕಿದ್ದೂ, ಕಿವಿಯದ್ದೂ. ನಿನ್ನ ಹೆಸರು ಮಾತ್ರ ಹೇಳಲಿಲ್ಲ. "ಯಾರೇ ಬರೆದಿರಲಿ, ಓದದೆ ಸಹಿ ಹಾಕಿದ್ದು ನನ್ನ ತಪ್ಪು" ಅಂದೆ. ಅವಳು ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ತಗೊಂಡು ಕಪ್ಪು ಅಸ್ತರಿನ ಮೇಲೆ ಬರೆದಳು: "ಆವತ್ತು ನಾನು ಕೇಳಿದ್ದು, ಇದನ್ನ ಹರಿದುಹಾಕೋಣವಾ ಅಂತ."

ನೋಡು. ಅವಳು ಬೈತಿದ್ದಾಳೆ ಅಂದ್ಕೊಂಡಿದ್ದೆ ನಾನು.

ಕಳೆದ ಭಾನುವಾರ ಎಲ್ಲರೂ ಅಂಗಳದಲ್ಲಿ ಸೇರಿದ್ವಿ. ಟೈಲರಕ್ಕ ಪಕ್ಕದಲ್ಲಿ ಕೂತು ಪೈಪಿನ ಮೇಲೆ ಸೀಮೆಸುಣ್ಣದಲ್ಲಿ ಎಲ್ಲರ ಮಾತೂ ಬರೆದು ತೋರಿಸಿದ್ಲು. ಹಣ ಬೇಡ ಅನ್ನಬಾರದು ಅಂತ ತೀರ್ಮಾನ ಆಯ್ತು. ಸುಮ್ನೆ ಬೇಡ ಅಂದ್ರೆ ಆ ಮಾತುಗಳು ಅವರ ಕಡತದಲ್ಲಿ ಹಾಗೇ ಉಳಿಯುತ್ತವಲ್ಲ? ಹೊಸ ಅರ್ಜಿ ಹೋಗಬೇಕು. ಅದೇ ಫಾರಂ, ಅದೇ ಖಾನೆಗಳು, ನಿಜವಾದ ಉತ್ತರ. ಕೊಟ್ರೆ ಅದಕ್ಕೆ ಕೊಡಲಿ.

ಬರೆಯೋರು ಯಾರು ಅಂತ ಕೇಳಿದ್ರು. ನನಗೆ ಒಬ್ಬಳು ಗೊತ್ತು, ಅವಳಿಗಿಂತ ಚೆನ್ನಾಗಿ ಫಾರಂ ತುಂಬೋರಿಲ್ಲ ಅಂದೆ.

ಕೆಲಸ ಕಷ್ಟದಲ್ಲಿದೆ ಅಂತ ನೀನು ಮೊದಲೇ ಹೇಳಬೇಕಿತ್ತು. ಕಿವಿ ಹೋಗಿದೆ ಅಂತ ನಾನೂ ಹೇಳಬೇಕಿತ್ತು. ಆಗಲ್ಲ ಅನ್ನೋದಾದ್ರೆ ಆಗಲ್ಲ ಅಂತ ಬರಿ. ಬೇಜಾರು ಮಾಡ್ಕೊಳಲ್ಲ.

ಅತ್ತೆ


ಆಗಸ್ಟ್ 26

ಅತ್ತೆ,

ನಿನ್ನ ಕಾಗದ ಓದಿ ಎರಡು ದಿನ ರಜೆ ಹಾಕಿದೆ. ಮೊದಲ ದಿನ ಅಳ್ತಾ ಕೂತೆ. ಎರಡನೇ ದಿನ ಬರೆದೆ.

ಅರ್ಜಿ ಇದರ ಜೊತೆಗಿದೆ. ಈ ಸಲ ಪೂರ್ತಿ ಓದು. ಎಲ್ಲರಿಗೂ ಓದಿಸು. ಆಮೇಲೆ ಸಹಿ ಹಾಕು.

"ಮುಖ್ಯ ಕೊರತೆ" ಅನ್ನೋ ಖಾನೆಯಲ್ಲಿ ಬರೆದಿದ್ದೀನಿ: ಲಿಫ್ಟ್. ಅದನ್ನ ನಿಮ್ಮಿಂದ ಕೇಳುತ್ತಿಲ್ಲ. "ಪರಿಣಾಮ" ಅನ್ನೋ ಕಡೆ: ಅರವತ್ತೆಂಟು ಮನೆಯವರು ಈಗಾಗಲೇ ದಿನವಿಡೀ ಮಾತಾಡುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. ಪೈಪುಗಳಿಂದ ಇದು ಹೆಚ್ಚಬಹುದು. ಕಡಿಮೆಯಾಗುವ ಸಂಭವವಿಲ್ಲ. "ಮುಂದಾಳು" ಅನ್ನೋ ಕಡೆ: ಮೂವತ್ತೊಂದು ವರ್ಷ ಪೇಟೆಗೆ ನೀರು ತಂದವರು. ತಮ್ಮ ಸೋದರಸೊಸೆಗೆ ಅಕ್ಷರ ಕಲಿಸಿದವರು.

ಒಂದು ಮಾತು ಹೇಳಲೇಬೇಕು. ಬರೀತಾ ಬರೀತಾ ನನ್ನ ಪಳಗಿದ ಕೈ ತಾನಾಗೇ ಒಂದು ವಾಕ್ಯದ ಕಡೆ ಹೊರಟಿತ್ತು. "ಕಿವಿ ಕೇಳದ ಮಹಿಳೆಯೊಬ್ಬರು ಇತರರ ಮಾತಿಗಾಗಿ..." ಆ ಒಂದು ಸಾಲು ಇದ್ರೆ ಸಮಿತಿ ಕಣ್ಣೀರು ಸುರಿಸಿ ಮಂಜೂರು ಮಾಡುತ್ತೆ, ನನಗೆ ಗೊತ್ತು. ಒಂದು ಸುಳ್ಳೂ ಬೇಕಿಲ್ಲ. ಹಾಳೆಯನ್ನ ಹರಿದು ಮತ್ತೆ ಶುರು ಮಾಡಿದೆ. ನಿನ್ನ ಕಿವಿ ಅವರ ಖಾನೆಯಲ್ಲಿ ತುಂಬೋ ವಸ್ತು ಅಲ್ಲ.

ನಿಧಿಗೆ ಇನ್ನೊಂದು ಕಾಗದವನ್ನೂ ಕಳಿಸಿದ್ದೀನಿ. ಮೊದಲ ಅರ್ಜಿಯ ಆ ಮಾತುಗಳು ನನ್ನವು, ಅತ್ತೆಯವಲ್ಲ, ಅತ್ತೆಗೆ ತಿಳಿಸದೆ ಬರೆದೆ ಅಂತ. ಅದರ ಪ್ರತಿಯನ್ನ ನಮ್ಮ ಮುಖ್ಯಸ್ಥರ ಮೇಜಿನ ಮೇಲೂ ಇಟ್ಟೆ. ವಠಾರದೋರಿಗೂ ನನ್ನ ಹೆಸರು ಹೇಳು. ಬಚ್ಚಿಡಬೇಡ.

ಚೂಟಿ


ಸೆಪ್ಟೆಂಬರ್ 30

ಅತ್ತೆ,

ನಿಧಿಯ ಉತ್ತರ ನನಗೂ ಬಂತು. ಮೊದಲಿನದ್ದು ರದ್ದು. ಹೊಸದು "ಸ್ಪಷ್ಟವಾದ ಸಾಮಾಜಿಕ ಅಗತ್ಯವನ್ನು ತೋರಿಸಿಲ್ಲ."

ಇಲ್ಲಿ ನನ್ನ ಕೆಲಸವೂ ಹೋಯ್ತು. ಮುಖ್ಯಸ್ಥರು ಬಾಗಿಲು ಹಾಕಿ, "ಆ ಕಾಗದ ಬರೆಯೋ ಅಗತ್ಯ ಏನಿತ್ತು?" ಅಂದ್ರು. "ಸ್ಪಷ್ಟವಾದ ಅಗತ್ಯ ಇತ್ತು ಸಾರ್" ಅಂದೆ. ಮೇಜು ಖಾಲಿ ಮಾಡಿ ಎದ್ದು ಬರೋವಾಗ ನೀನು ಪಕ್ಕದಲ್ಲಿದ್ದಿದ್ರೆ ಬೆನ್ನು ತಟ್ಟಿರ್ತಿದ್ದೆ ಅನ್ನಿಸ್ತು.

ನೀನು ಒಂದು ಸಾಲೂ ಬರೆದಿಲ್ಲ. ಎಲ್ಲರಿಗೂ ಬೇಜಾರಾಗಿದೆಯಾ? ಪೈಪೆಲ್ಲ ಗುಜರಿಗೆ ಹೋಯ್ತಾ?

ಚೂಟಿ


ನವೆಂಬರ್ 9

ಚೂಟಿ,

ಬರೆಯೋಕೆ ಪುರುಸೊತ್ತಿರಲಿಲ್ಲ. ಕೈಯಲ್ಲಿ ಪೆನ್ನು ನಿಲ್ಲದಷ್ಟು ಬೊಬ್ಬೆ ಎದ್ದಿತ್ತು.

ನಿಧಿಯ ಕಾಗದ ಬಂದ ದಿನ ಪೋಸ್ಟಣ್ಣ ಅದನ್ನ ಅಂಗಳದಲ್ಲಿ ಓದಿದ. ಆಮೇಲೆ ಟೈಲರಕ್ಕ ನನ್ನೆದುರಿಗೆ ಬಂದು ತುಟಿ ಬಿಡಿಸಿ ಬಿಡಿಸಿ ಕೇಳಿದ್ಲು: "ಹಣವಿಲ್ಲದೆ ಎಷ್ಟು ಸಾಲು ಆಗುತ್ತೆ?"

"ಮೂರು. ಆದರೆ ವಾಲ್ವ್ ಇಲ್ಲ."

"ವಾಲ್ವ್ ಏನು ಮಾಡುತ್ತೆ?"

"ದಾರಿ ಮುಚ್ಚುತ್ತೆ."

"ಅಷ್ಟೇನಾ?" ಅಂತ ಮೇಲೆ ಹೋದ್ಲು. ಮಾರನೇ ದಿನ ಚಿಂದಿ ಬಟ್ಟೆ ತುರುಕಿ ಹೊಲಿದ ಬಿರಡೆಗಳನ್ನ ಒಂದು ಬುಟ್ಟಿ ತುಂಬ ತಂದ್ಲು. ಒಂದೊಂದಕ್ಕೂ ಹಿಡಿಯೋಕೆ ಬಾಲ! ಪೈಪು ಕೂಡೋ ಕಡೆ ಎರಡಿಂಚು ತೆರೆದು ಬಿಟ್ಟಿದ್ದೀನಿ, ಬೇಕಾದ ಕಡೆ ಬಿರಡೆ ತುರುಕಿದ್ರೆ ಆ ದಾರಿ ಬಂದ್. ವಾಲ್ವಿಗಿಂತ ಚೆನ್ನಾಗಿದೆ. ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಲಾಳಿಕೆಗೆ ಹಳೇ ಬಕೆಟ್‌ಗಳನ್ನ ಕತ್ತರಿಸಿದೆ. ನಿನ್ನ ಹೆಸರೂ ಹೇಳಿದೆ. ಪೋಸ್ಟಣ್ಣ "ಬರಲಿ ಆ ಹುಡುಗಿ, ಒಂದು ಸಾಲು ಅವಳ ಕೈಯಲ್ಲೇ ತೋಡಿಸೋಣ" ಅಂದ.

ಹೋದ ಭಾನುವಾರ ಬೆಳಿಗ್ಗೆ ಪೈಪಿಗೆ ಮಾತು ಬಿಟ್ವಿ. ಭಾಷಣ ಇಲ್ಲ, ರಿಬ್ಬನ್ ಇಲ್ಲ. ಮೊದಲನೇ ಪೈಪಿನಲ್ಲಿ ಹೋದ ಮೊದಲನೇ ಮಾತು ಟೈಲರಕ್ಕನದ್ದು: "ನಾಲ್ಕನೇ ಮಹಡಿಯೋರೇ, ಒದ್ದೆ ಬಟ್ಟೆ ಹಿಂಡಿ ಒಣಗಿಸಿ, ನನ್ನ ಕಿಟಕಿಗೆ ಸೋರುತ್ತೆ!" ಉತ್ತರ ಬರೋದರೊಳಗೆ ಯಾರೋ ಬಿರಡೆ ಬದಲಾಯಿಸಿದ್ರು. ಬೈಗುಳ ಪಾಪ ಪೋಸ್ಟಣ್ಣನ ಕಿವಿಗೆ ಹೋಯ್ತು. ಆವತ್ತು ಸಾಯಂಕಾಲದವರೆಗೆ ಮಾತಾಡೋಕೆ ನಿಂತ ಜನರ ಸಾಲು ಮುಗೀಲಿಲ್ಲ.

ಹನ್ನೊಂದು ಗಂಟೆಗೆ ನಿಧಿಯ ಆ ಅಧಿಕಾರಿ ಬಂದ್ರು. ಕೈಯಲ್ಲಿ ಕಡತ ಇರಲಿಲ್ಲ, ಒಬ್ಬರೇ. ಸಾಲಲ್ಲಿ ನಿಂತು, ಸರದಿ ಬಂದಾಗ ಮಾತಾಡಿದ್ರು, ಕೇಳಿಸಿಕೊಂಡ್ರು, ಜೋರಾಗಿ ನಕ್ಕರು. ಆಮೇಲೆ ನನ್ನ ಹತ್ರ ಬಂದು, "ಅಮ್ಮ, ಇದನ್ನ ನಮ್ಮ ವರ್ಷದ ವರದಿಯಲ್ಲಿ ಬರೀಲಾ?" ಅಂದ್ರು.

"ಹಣ ಕೊಡಲಿಲ್ಲವಲ್ಲ ನೀವು."

"ನಾನು ಕೊಡಿ ಅಂತಲೇ ಬರೆದಿದ್ದೆ. ಸಮಿತಿ ಒಪ್ಪಲಿಲ್ಲ. ಅವರು ಇದನ್ನ ಓದಬೇಕು."

ಟೈಲರಕ್ಕ ನಡುವೆ ಬಂದ್ಲು. "ಬರೀರಿ. ಆದರೆ ಬರೆದಿದ್ದನ್ನ ಮೊದಲು ಇಲ್ಲಿ ಓದಬೇಕು, ಈ ಪೈಪಿನೊಳಗೆ. ಆ ಕಡೆ ನಾವಿರ್ತೀವಿ."

ಅಧಿಕಾರಿ ಚೀಲದಿಂದ ಪುಸ್ತಕ ತೆಗೆದು, ಮೆಟ್ಟಿಲ ಮೇಲೆ ಕೂತು ಅರ್ಧ ಪುಟ ಬರೆದ್ರು. ನಾವು ಬಿರಡೆ ಎಲ್ಲ ಕಿತ್ತು ಮೂರೂ ಸಾಲು ಕೂಡಿಸಿದ್ವಿ. ಅವರು ಒಂದು ತುದಿಯಲ್ಲಿ, ವಠಾರ ಪೂರ್ತಿ ಐದು ತುದಿಯಲ್ಲಿ. ಅವರು ಓದಿದ್ರು. ನಾನು ಅವರ ಪಕ್ಕದಲ್ಲೇ ಪುಸ್ತಕದ ಮೇಲೆ ಕಣ್ಣಿಟ್ಟು ನಿಂತಿದ್ದೆ, ಟೈಲರಕ್ಕನ ಮಗಳು ಪೈಪಿನಿಂದ ಬಂದ ಉತ್ತರವನ್ನೆಲ್ಲ ನನಗೆ ಬರೆದು ತೋರಿಸಿದ್ಲು.

"ಸೌಲಭ್ಯವಂಚಿತ..." ಅಂತ ಅಧಿಕಾರಿ ಓದಿದ್ರು.

"ತೆಗೀರಿ!" ಐದು ಬಾಯಿಂದ.

ಗೀಟು ಎಳೆದ್ರು. "ಕಲೆಯ ಮೂಲಕ ಹೊಸ ಚೈತನ್ಯ ಪಡೆದ..."

"ಹಳೇದೇ ಇದೆ, ತೆಗೀರಿ!"

"ಅಚ್ಚರಿಯೆಂಬಂತೆ..."

"ಏನಚ್ಚರಿ? ತೆಗೀರಿ!"

ಹೀಗೇ ಇಪ್ಪತ್ತು ನಿಮಿಷ. ಆಕೆ ಬೆವರು ಒರೆಸ್ಕೊಂಡು, ನಗ್ತಾ, ಗೀಟು ಎಳೀತಾನೇ ಇದ್ರು. ಒಂದು ಸಲ ಪೆನ್ನು ನಿಲ್ಲಿಸಿ ಪೈಪಿನೊಳಗೆ ವಾದ ಮಾಡಿದ್ರು, ಸೋತ್ರು. ಕೊನೆಗೆ ಅರ್ಧ ಪುಟದಲ್ಲಿ ಉಳಿದಿದ್ದು ಎರಡು ಸಾಲು. ಅದನ್ನ ನನ್ನ ಮುಖದ ಮುಂದೆ ಹಿಡಿದ್ರು, ನಾನೇ ಓದ್ಕೊಂಡೆ:

"ಈ ವಠಾರದವರು ಹಳೆಯ ಪೈಪುಗಳಿಂದ ಮಾತಾಡುವ ಅಂಗಳ ಕಟ್ಟಿದ್ದಾರೆ. ನಾವು ಹಣ ಕೊಡಲಿಲ್ಲ."

"ಇಷ್ಟೇನಾ?" ಅಂತ ಆಕೆ ಪೈಪಿನೊಳಗೆ ಕೇಳಿದ್ರು.

ಈ ಸಲ ಯಾರೂ ನನಗೆ ಬರೆದು ತೋರಿಸಬೇಕಾಗಿರಲಿಲ್ಲ. ಅಂಗಳದ ಆ ತುದಿಯಲ್ಲಿ ಅಷ್ಟೂ ಜನ ಕೈ ಮೇಲೆತ್ತಿ ನಿಂತಿದ್ರು.

ಅತ್ತೆ